ಖಾಲಿ ನೀರಿನ ಬಾಟಲಿಯಿಂದ ಹಣ್ಣುನೊಣದ ಬಲೆ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಲಿನ ರೈತ ಬಾಂಧವರಿಗೆ ಖಾಲಿ ನೀರಿನ ಬಾಟಲಿಗಳು ಯಥೇಚ್ಛವಾಗಿ ದೊರೆಯುತ್ತವೆ. ಇವುಗಳಿಂದ ಹಿತ್ತಲಿನ ಮಾವು, ಸೀಬೆಗೆ ಹಣ್ಣುನೊಣದ ಬಲೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಹೆಣ್ಣುನೊಣವು ಬಲಿತ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆಯಿಡುತ್ತದೆ. ಮರಿಹುಳುಗಳು ತಿರುಳನ್ನು ತಿಂದು ಹಣ್ಣು ಕೊಳೆಯುತ್ತದೆ.

1 ಲೀಟರ್ ಬಾಟಲಿಯ ಮೇಲ್ಭಾಗದಲ್ಲಿ ಸುಮಾರು 1 ಸೆಂ.ಮೀ. ಅಗಲದ 4 ರಂಧ್ರಗಳನ್ನು ಮಾಡಿರಿ. ಮೀಥೈಲ್ ಯುಜಿನಾಲ್‌ನಲ್ಲಿ ಅದ್ದಿದ ಹತ್ತಿಯುಂಡೆಯನ್ನು ಮುಚ್ಚಳದಿಂದ ತಂತಿಯಲ್ಲಿ ಇಳಿಬಿಡಿರಿ. ತಳದಲ್ಲಿ ಸ್ವಲ್ಪ ಸಾಬೂನು ನೀರಿರಲಿ. ಕೊಯ್ಲಿಗೆ ಒಂದೂವರೆ ತಿಂಗಳು ಮೊದಲೇ ಆಳೆತ್ತರದಲ್ಲಿ, ನೆರಳಿರುವ ಕೊಂಬೆಗೆ ಕಟ್ಟಿರಿ. ವಾಸನೆ ಕುಂದಿದಾಗ ಹತ್ತಿಯನ್ನು ಬದಲಿಸಿರಿ.

ಈ ವಾಸನೆಗೆ ಬರುವುದು ಗಂಡುನೊಣ ಮಾತ್ರ. ಗಂಡುಗಳು ಕಡಿಮೆಯಾದಂತೆ ಸಂತಾನವೂ ಇಳಿಯುತ್ತದೆ. ಆದ್ದರಿಂದ ನೆರೆಹೊರೆಯವರೆಲ್ಲ ಒಟ್ಟಿಗೆ ಕಟ್ಟಿದರೆ ಫಲ ಹೆಚ್ಚು. ಉದುರಿದ ಹಣ್ಣುಗಳನ್ನು ಆಯ್ದು ಆಳವಾಗಿ ಹೂಳಿರಿ. ಹುಳುಗಳು ಮಣ್ಣಿಗಿಳಿದು ಕೋಶವಾಗುತ್ತವೆ.

ಎಚ್ಚರಿಕೆ: ಕೀಟನಾಶಕದ ಬಾಟಲಿ, ಕಾರ್ಖಾನೆಯ ರಾಸಾಯನಿಕದ ಡಬ್ಬಗಳನ್ನು ಎಷ್ಟೇ ತೊಳೆದರೂ ನೀರು, ಎಣ್ಣೆ, ಕಾಳು ತುಂಬಲು ಬಳಸಕೂಡದು. ವಿಷದ ಅಂಶ ಪ್ಲಾಸ್ಟಿಕ್ಕಿನಲ್ಲಿ ಉಳಿಯುತ್ತದೆ. ಕೀಟನಾಶಕದ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣಾ ಯಂತ್ರಕ್ಕೇ ಸುರಿದು, ಬಾಟಲಿಗೆ ತೂತು ಮಾಡಿರಿ. ತೂತಾದ ಬಾಟಲಿ ಯಾರ ಅಡುಗೆಮನೆಗೂ ಹೋಗದು.