‘ಎಂದು’ ಎಂಬ ಅವ್ಯಯವೂ ಲಿಸ್ಪ್ ಎಂಬ ಗಣಕ ಭಾಷೆಯೂ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವ್ಯಾಕರಣದ ಮೇಲೊಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದರು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಹೈದರಾಬಾದಿನಲ್ಲಿ ಗಣಕಯಂತ್ರಗಳ ಮುಂದೆ ಕುಳಿತು ದುಡಿಯುತ್ತಿದ್ದಾರೆ. ಅವರಲ್ಲೊಬ್ಬನು ಕಳೆದ ಬೇಸಗೆಯಲ್ಲಿ ಮನೆಗೆ ಬಂದಿದ್ದಾಗ ‘ಲಿಸ್ಪ್’ ಎಂಬ ಗಣಕ ಭಾಷೆಯ ಪರಿಚಯ ಮಾಡಿಕೊಟ್ಟನು. “ಗುರುಗಳೇ, ಇದರಲ್ಲಿ ಒಂದು ಚಿಕ್ಕ ಚಿಹ್ನೆ ನನಗೆ ಬಹಳ ದಿನ ತಿಳಿಯಲೇ ಇಲ್ಲ. ತಾವು ಕಲಿಸಿದ ‘ಎಂದು’ ನೆನಪಾದ ಮೇಲೆ ತಿಳಿಯಿತು” ಎಂದನು. ಆ ಮಾತಿನಿಂದ ಸಂತೋಷವಾಯಿತು. ಜೊತೆಗೆ ನನ್ನ ಒಂದು ಹಳೆಯ ತಪ್ಪೂ ನೆನಪಾಯಿತು. ಅದರಿಂದಲೇ ಪಾಠವನ್ನು ಆರಂಭಿಸುತ್ತೇನೆ.

ನಾನು ವೃತ್ತಿಗೆ ಹೊಸಬನಾಗಿದ್ದಾಗ ಒಂದು ಹಳ್ಳಿಯ ಶಾಲೆಯಲ್ಲಿ ಎರಡನೆಯ ತರಗತಿಗೆ ಉಕ್ತಲೇಖನ ಕೊಡುತ್ತಿದ್ದೆ. ಐದಾರು ವಾಕ್ಯಗಳಾದ ಮೇಲೆ “ನಿಮ್ಮ ಹೆಸರು ಬರೆಯಿರಿ” ಎಂದೆ. ಒಬ್ಬ ಹುಡುಗನು ಹಲಗೆಯ ಮೇಲೆ ‘ನಿಮ್ಮ ಹೆಸರು’ ಎಂದೇ ಬರೆದನು. ಅಣಕಿಸುತ್ತಿದ್ದಾನೆಂದು ಬಗೆದು ಅವನ ಅಂಗೈಗೆ ಎರಡು ಏಟು ಕೊಟ್ಟೆ. ಅವನು ಅತ್ತನೇ ಹೊರತು ಏನನ್ನೂ ಹೇಳಲಿಲ್ಲ. ವಿಚಾರಿಸಿ ನೋಡಿದರೆ ತಪ್ಪು ಅವನದಲ್ಲ. ಅಲ್ಲಿಯವರೆಗೆ ನಾನು ನುಡಿದುದನ್ನು ನುಡಿದಂತೆಯೇ ಬರೆಯಬೇಕಾಗಿತ್ತು. ಆ ಒಂದು ಕಡೆ ಮಾತ್ರ ನುಡಿಯನ್ನು ಬಿಟ್ಟು ಅದು ಸೂಚಿಸುವ ವಸ್ತುವನ್ನು ಬರೆಯಬೇಕಾಗಿತ್ತು. ನಿಯಮ ಬದಲಾಯಿತೆಂಬ ಗುರುತನ್ನು ನಾನು ಕೊಟ್ಟಿರಲಿಲ್ಲ.

ಶಬ್ದವೋ, ಅರ್ಥವೋ?

“ಮರದ ಮೇಲೆ ಹಕ್ಕಿ ಕುಳಿತಿದೆ”, “ಮರ ಎಂಬುದರಲ್ಲಿ ಎರಡು ಅಕ್ಷರಗಳಿವೆ” – ಈ ಎರಡು ವಾಕ್ಯಗಳನ್ನು ನೋಡಿರಿ. ಮೊದಲನೆಯದರಲ್ಲಿ ‘ಮರ’ ಎಂದರೆ ಬೇರು, ಕೊಂಬೆಗಳುಳ್ಳ ಮರ. ಎರಡನೆಯದರಲ್ಲಿ ಬರಿಯ ಶಬ್ದ. ಹಕ್ಕಿಯು ಶಬ್ದದ ಮೇಲೆ ಕೂಡಲಾರದು, ಕೊಂಬೆಯಲ್ಲಿ ಅಕ್ಷರಗಳಿರಲಾರವು. ಈ ಭೇದವನ್ನು ಪಾಣಿನಿಯು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಗುರುತಿಸಿದ್ದನು. ವ್ಯಾಕರಣದ ಸೂತ್ರದಲ್ಲಿ ಬರುವ ಶಬ್ದವು, ಅದು ಪಾರಿಭಾಷಿಕ ಸಂಜ್ಞೆಯಲ್ಲದಿದ್ದರೆ, ತನ್ನ ರೂಪವನ್ನೇ ಸೂಚಿಸುತ್ತದೆ ಎಂದು ಅವನು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದಲ್ಲಿಯೇ ವಿಧಿಸಿದ್ದಾನೆ. ಅಗ್ನಿಗೆ ಪ್ರತ್ಯಯ ಹತ್ತಿಸಬೇಕೆಂದರೆ ಕೆಂಡಕ್ಕೆ ಹತ್ತಿಸುವುದಲ್ಲ, ‘ವಹ್ನಿ’ ಎಂಬ ಸಮಾನಾರ್ಥಕ ಪದಕ್ಕೂ ಅಲ್ಲ. ‘ಅಗ್ನಿ’ ಎಂಬ ಶಬ್ದಕ್ಕೆ ಮಾತ್ರ.

ಲೋಕದ ಮಾತಿನಲ್ಲಿ ಶಬ್ದವು ಅರ್ಥವನ್ನೇ ಸೂಚಿಸುತ್ತದೆ. ಶಬ್ದವನ್ನೇ ಹಿಡಿದು ತೋರಿಸಬೇಕಾದರೆ ಒಂದು ಗುರುತು ಬೇಕು. ಕನ್ನಡದಲ್ಲಿ ‘ಎಂದು’, ‘ಎಂಬ’ ಎಂಬವು ಆ ಗುರುತುಗಳು. ಎರಡೂ ‘ಎನ್’ ಧಾತುವಿನಿಂದ ಬಂದವು. ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯವರಿಗೆ ಇದು ಇನ್ನೂ ಸ್ಪಷ್ಟವಾಗಬೇಕು. ಏಕೆಂದರೆ ನಾವು ದಿನವೂ ನಾಲ್ಕು ಭಾಷೆಗಳನ್ನು ಕೇಳುವವರು. ಕನ್ನಡದಲ್ಲಿ “ಬರುತ್ತೇನೆಂದು ಹೇಳಿದನು”, ತೆಲುಗಿನಲ್ಲಿ “ವಸ್ತಾನನಿ ಚೆಪ್ಪಾಡು”, ಮರಾಠಿಯಲ್ಲಿ ‘ಮ್ಹಣೂನ್’, ನೆರೆಯ ಮುಸಲ್ಮಾನ ಬಂಧುಗಳ ದಖನಿಯಲ್ಲಿ “ಆತೂಂ ಬೋಲ್ಕೆ ಬೋಲ್ಯಾ”. ಎಂದು, ಅನಿ, ಮ್ಹಣೂನ್, ಬೋಲ್ಕೆ – ನಾಲ್ಕಕ್ಕೂ ‘ಅಂದು’, ‘ಹೇಳಿ’ ಎಂಬುದೇ ಮೂಲಾರ್ಥ. ನಾಲ್ಕೂ ಉದ್ಧರಿಸಿದ ಮಾತಿನ ನಂತರವೇ ಬರುತ್ತವೆ. ಪುಸ್ತಕದ ಉರ್ದುವಿನಲ್ಲಿ ‘ಕೆ’ ಎಂಬುದು ಮಾತಿಗೆ ಮೊದಲು ಬರುತ್ತದೆ. ದಖನಿಯು ಈ ನೆಲದ ಭಾಷೆಗಳ ಒಡನಾಟದಿಂದ ‘ಬೋಲ್ಕೆ’ಯನ್ನು ರೂಢಿಸಿಕೊಂಡಿತು.

ಲಿಸ್ಪಿನ ಕ್ರಮ

ಲಿಸ್ಪ್ ಭಾಷೆಯನ್ನು ಅಮೆರಿಕದ ಜಾನ್ ಮೆಕಾರ್ಥಿಯವರು 1958ರಲ್ಲಿ ರೂಪಿಸತೊಡಗಿ, 1960ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಇದರಲ್ಲಿ ಎಲ್ಲವನ್ನೂ ಕಂಸದೊಳಗೆ ಪಟ್ಟಿಯಾಗಿ ಬರೆಯುತ್ತಾರೆ. ಕ್ರಿಯೆ ಮೊದಲು, ಅದಕ್ಕೆ ಬೇಕಾದವು ನಂತರ.

(+ 2 3)

ಎಂದು ಬರೆದರೆ ಯಂತ್ರವು 5 ಎಂದು ಉತ್ತರಿಸುತ್ತದೆ. (+ 2 (* 3 4)) ಎಂದರೆ ಒಳಗಿನ ಗುಣಾಕಾರವನ್ನು ಮೊದಲು ಮಾಡಿ 14 ಎನ್ನುತ್ತದೆ. ಹೀಗೆ ಬರೆದುದರ ಬೆಲೆಯನ್ನು ಕಂಡುಹಿಡಿಯುವುದಕ್ಕೆ ‘ಮೌಲ್ಯನಿರ್ಣಯ’ ಎನ್ನೋಣ. ಸಂಖ್ಯೆಯ ಮೌಲ್ಯ ಆ ಸಂಖ್ಯೆಯೇ. ಹೆಸರಿನ ಮೌಲ್ಯ ಆ ಹೆಸರಿಗೆ ಕೊಟ್ಟ ವಸ್ತು. ತಿಳಿಯುವ ಸಲುವಾಗಿ ಕನ್ನಡದಲ್ಲಿಯೇ ಬರೆಯುವುದಾದರೆ, ‘ದರ’ ಎಂಬ ಹೆಸರಿಗೆ 40 ಎಂದು ಕೊಟ್ಟಿದ್ದರೆ (* ದರ 3) ಎಂಬುದರ ಉತ್ತರ 120.

ಈಗ 3, 5, 8 ಎಂಬ ಮೂರು ಅಂಕಿಗಳ ಪಟ್ಟಿಯನ್ನು ಇಟ್ಟುಕೊಳ್ಳಬೇಕಾಗಿದೆ. (3 5 8) ಎಂದು ಬರೆದರೆ ಯಂತ್ರವು 3 ಎಂಬುದನ್ನೇ ಕ್ರಿಯೆಯೆಂದು ತಿಳಿದು, ಅಂಥ ಕ್ರಿಯೆ ಇಲ್ಲವೆಂದು ದೋಷ ತೋರಿಸುತ್ತದೆ. ಲಿಸ್ಪಿನಲ್ಲಿ ಆಜ್ಞೆಯೂ ಪಟ್ಟಿಯೇ, ಸಾಮಗ್ರಿಯೂ ಪಟ್ಟಿಯೇ. ಗುರುತಿಲ್ಲದೆ ಯಂತ್ರವು ಅವುಗಳನ್ನು ಬೇರ್ಪಡಿಸಲಾರದು. ಆದ್ದರಿಂದ ‘ಕ್ವೋಟ್’ ಎಂಬ ಪದವನ್ನೋ, ಅದರ ಸಂಕ್ಷೇಪವಾದ ಒಂಟಿ ಉದ್ಧರಣ ಚಿಹ್ನೆಯನ್ನೋ ಮುಂದಿಡುತ್ತಾರೆ.

'(3 5 8) ಎಂದರೆ (3 5 8)
'(+ 2 3) ಎಂದರೆ (+ 2 3)
'ದರ ಎಂದರೆ ದರ

ಎರಡನೆಯ ಸಾಲಿನಲ್ಲಿ ಕೂಡುವಿಕೆ ನಡೆಯಲಿಲ್ಲ. ಒಂದು ಚಿಹ್ನೆ, ಎರಡು ಅಂಕಿಗಳುಳ್ಳ ಪಟ್ಟಿ ಹಾಗೆಯೇ ಉಳಿಯಿತು. ನಮ್ಮ ‘ಎಂದು’ ಹಿಂದೆ ಬರುತ್ತದೆ, ಲಿಸ್ಪಿನ ಗುರುತು ಮುಂದೆ ಬರುತ್ತದೆ. ಮಾಡುವ ಕೆಲಸ ಒಂದೇ. ಹಾಗೆ ಕಾದಿಟ್ಟ ಪಟ್ಟಿಯನ್ನು ಬೇಕಾದಾಗ ನಡೆಸುವುದಕ್ಕೆ ‘ಇವ್ಯಾಲ್’ ಎಂಬ ಕ್ರಿಯೆ ಉಂಟು. (ಇವ್ಯಾಲ್ '(+ 2 3)) ಎಂದರೆ ಉತ್ತರ ಮತ್ತೆ 5. ಈ ಇವ್ಯಾಲಿನ ನಿಯಮಗಳನ್ನು ಮೆಕಾರ್ಥಿಯವರು ಲಿಸ್ಪಿನ ಪರಿಭಾಷೆಯಲ್ಲಿಯೇ ಕಾಗದದ ಮೇಲೆ ಬರೆದಿದ್ದರು. ಅವರ ಸಹೋದ್ಯೋಗಿ ಸ್ಟೀವ್ ರಸೆಲ್ ಎಂಬುವರು ಅದನ್ನು ಐಬಿಎಂ 704 ಎಂಬ ಗಣಕಯಂತ್ರದ ಸಂಕೇತಕ್ಕೆ ಇಳಿಸಿ, ಲಿಸ್ಪನ್ನು ನಿಜವಾಗಿ ನಡೆಯುವಂತೆ ಮಾಡಿದರು.

ವರ್ಗಾವಣೆ ಪತ್ರದ ದೃಷ್ಟಾಂತ

ಶಾಲೆಯ ಟಿ.ಸಿ. ನಮೂನೆಯನ್ನು ನೆನಪಿಸಿಕೊಳ್ಳಿರಿ. ಅಚ್ಚಾದ ಮಾತುಗಳು ಎಲ್ಲರಿಗೂ ಒಂದೇ. ‘ವಿದ್ಯಾರ್ಥಿಯ ಹೆಸರು’, ‘ಜನ್ಮ ದಿನಾಂಕ’ ಎಂಬವುಗಳ ಮುಂದಿನ ಖಾಲಿ ಸ್ಥಳದಲ್ಲಿ ಮಾತ್ರ ಆಯಾ ಮಗುವಿನ ವಿವರ ತುಂಬುತ್ತೇವೆ. ಲಿಸ್ಪಿನಲ್ಲಿ ಇದಕ್ಕೂ ವ್ಯವಸ್ಥೆಯಿದೆ. ಹಿಮ್ಮುಖ ಉದ್ಧರಣ ಚಿಹ್ನೆಯಿಟ್ಟು ಪಟ್ಟಿಯನ್ನೆಲ್ಲ ಇದ್ದಂತೆ ಉಳಿಸಿ, ಯಾವ ಪದಕ್ಕೆ ಮೊದಲು ಅಲ್ಪವಿರಾಮವಿದೆಯೋ ಅದರ ಮೌಲ್ಯವನ್ನು ಮಾತ್ರ ತುಂಬುತ್ತಾರೆ. `(ದರ ,ದರ) ಎಂದರೆ (ದರ 40). ಮೊದಲನೆಯದು ಅಚ್ಚಿನ ಮಾತು, ಎರಡನೆಯದು ತುಂಬಿದ ವಿವರ. ನಮ್ಮ ಗುಮಾಸ್ತರು ಟಿ.ಸಿ. ಬರೆಯುವಾಗ ಈ ವಿವೇಕವನ್ನು ಒಮ್ಮೆಯೂ ತಪ್ಪಿದವರಲ್ಲ.

ಉಪಸಂಹಾರ

ಕನ್ನಡ ಮಾಧ್ಯಮದಲ್ಲಿ ಓದಿದವರು ಗಣಕ ವಿದ್ಯೆಯಲ್ಲಿ ಹಿಂದೆ ಬೀಳುತ್ತಾರೆಂಬ ಅಂಜಿಕೆ ಈ ಗಡಿಭಾಗದ ಅನೇಕ ತಂದೆತಾಯಿಗಳಲ್ಲಿದೆ. ಅಲ್ಲಿಯ ಪರಿಭಾಷೆ ಹೊಸದು, ಅದನ್ನು ಶ್ರಮಪಟ್ಟು ಕಲಿಯಬೇಕು ಎಂಬುದು ದಿಟ. ಆದರೆ ಶಬ್ದ ಬೇರೆ, ಅದರ ಅರ್ಥ ಬೇರೆ ಎಂಬ ತಿಳಿವು ಮನೆಮಾತಿನಲ್ಲಿಯೇ ಇದೆ. ಮಗು ‘ಎಂದು’ ಎನ್ನಲು ಕಲಿತ ದಿನವೇ ಅದನ್ನು ಕಲಿತಿರುತ್ತದೆ.

ಆ ಹುಡುಗನನ್ನು ಮತ್ತೆ ಕಂಡು ನಾಲ್ಕು ಮಾತು ಹೇಳುವ ಅವಕಾಶ ನನಗೆ ಒದಗಲಿಲ್ಲ. ಆದರೆ ಅಲ್ಲಿಂದ ಮುಂದೆ ಉಕ್ತಲೇಖನ ಮುಗಿದಾಗಲೆಲ್ಲ “ಇಲ್ಲಿಗೆ ಉಕ್ತಲೇಖನ ಮುಗಿಯಿತು, ಇನ್ನು ನಿಮ್ಮ ನಿಮ್ಮ ಹೆಸರು ಬರೆಯಿರಿ” ಎಂದು ಹೇಳುವುದನ್ನು ರೂಢಿಸಿಕೊಂಡೆ. ಈ ಶಾಲೆಯ ಇಂದಿನ ಉಪಾಧ್ಯಾಯರಲ್ಲಿಯೂ ಪಾಲಕರಲ್ಲಿಯೂ ನನ್ನದು ಒಂದೇ ವಿನಂತಿ: ಮಗು ತಪ್ಪು ಉತ್ತರ ಕೊಟ್ಟಾಗ ಕೈಯೆತ್ತುವ ಮೊದಲು, ಅದು ಯಾವ ನಿಯಮವನ್ನು ಹಿಡಿದು ಹಾಗೆ ಬರೆಯಿತೆಂದು ಕೇಳಿರಿ. ಎಷ್ಟೋ ಸಲ ಮಗು ನಾವು ಹೇಳಿದ್ದನ್ನೇ ಮಾಡಿರುತ್ತದೆ.