ಹಿಮಗಿರಿಗಳಲ್ಲಿ ಎಲ್ಕ್ ಬೇಟೆಯ ಸಿದ್ಧತೆ

ಉದಕಮಂಡಲಕ್ಕೆ ಹೋಗಿಬಂದವರಲ್ಲಿ ಕೆಲವರಾದರೂ ಅಲ್ಲಿಯ ಎಲ್ಕ್ ಹಿಲ್ ಎಂಬ ಗುಡ್ಡದ ಹೆಸರನ್ನು ಕೇಳಿರಬಹುದು. ಆದರೆ ನೀಲಗಿರಿಯ ಕಾಡುಗಳಲ್ಲಿ ಎಲ್ಕ್ ಎಂಬ ಮೃಗವು ವಾಸಿಸಿದುದಿಲ್ಲ. ಅಲ್ಲಿ ಬೇಟೆಯಾಡುತ್ತಿದ್ದ ಆಂಗ್ಲರು ನಮ್ಮ ಕಡವೆಯನ್ನೇ ಆ ಹೆಸರಿನಿಂದ ಕರೆಯುತ್ತಿದ್ದರು. ಯುರೋಪಿನಲ್ಲಿ ಎಲ್ಕ್ ಎಂದರೆ ಬೇರೊಂದು ಪ್ರಾಣಿ. ಅದನ್ನು ಅಮೆರಿಕದವರು ಮೂಸ್ ಎನ್ನುವರು. ಅಮೆರಿಕದವರು ಎಲ್ಕ್ ಎನ್ನುವುದು ಇವೆರಡೂ ಅಲ್ಲದ ಮೂರನೆಯದನ್ನು. ಅಲ್ಲಿಯ ಮೂಲನಿವಾಸಿಗಳಾದ ಶಾನೀ ಜನರು ಅದಕ್ಕಿಟ್ಟ ಹೆಸರು ವಾಪಿಟಿ, ಎಂದರೆ ಬಿಳಿಯ ಹಿಂಭಾಗವುಳ್ಳದ್ದು. ಒಂದೇ ಹೆಸರಿನ ಬೆನ್ನು ಹತ್ತಿದರೆ ಮೂರು ಮೃಗಗಳು ಎದುರಾಗುವುವು!

ಈ ಮೂರನೆಯ ಮೃಗವನ್ನು ಚಳಿಗಾಲದ ಹೊಸ್ತಿಲಲ್ಲಿ, ಹಿಮ ಬಿದ್ದ ಬೆಟ್ಟಗಳಲ್ಲಿ ಬೇಟೆಯಾಡುವವರು ಹೇಗೆ ಸಿದ್ಧರಾಗುವರೆಂಬುದೇ ನಮ್ಮ ಇಂದಿನ ಪಾಠ. ಬಂದೂಕನ್ನು ಕೈಯಿಂದಲೂ ಮುಟ್ಟದ ಉಪಾಧ್ಯಾಯರಿಗೆ ಈ ವಿಷಯವೇಕೆಂದು ಪೋಷಕರು ಕೇಳಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಮೃಗಗಳ ಬೇಟೆಯನ್ನು ನಿಷೇಧಿಸಿದೆ. ಕಡವೆಯ ಮೇಲೆ ಗುಂಡು ಹಾರಿಸಿದವನಿಗೆ ಸೆರೆಮನೆಯೇ ಗತಿ. ಅದು ಸರಿಯೆಂದೇ ನಮ್ಮ ಮತ. ಆದರೆ ನಮ್ಮ ಮಕ್ಕಳು ಭೌತಶಾಸ್ತ್ರದ ಪುಸ್ತಕದಲ್ಲಿ ಬಾಯಿಪಾಠ ಮಾಡುವ ಅನೇಕ ಸಂಗತಿಗಳು ಆ ಬೆಟ್ಟದಲ್ಲಿ ಮನುಷ್ಯನ ಪ್ರಾಣವನ್ನು ಉಳಿಸುವುವು ಇಲ್ಲವೆ ಕಳೆಯುವುವು. ಆದುದರಿಂದಲೇ ಈ ಲೇಖನ.

ಅಮೆರಿಕದ ಪಶ್ಚಿಮಭಾಗದಲ್ಲಿ ರಾಕಿ ಪರ್ವತಶ್ರೇಣಿಯಿರುವುದನ್ನು ಭೂಪಟದಲ್ಲಿ ನೋಡಿರಿ. ಅದರ ಉತ್ತರದ ಕಡೆ ಮೊಂಟಾನಾ ಸಂಸ್ಥಾನವಿದೆ. ಬೆಳೆದ ಗಂಡು ಎಲ್ಕ್ ಸುಮಾರು 300 ಕಿಲೋಗ್ರಾಂ ತೂಗುವುದು. ಮಿತಿಯಿಲ್ಲದ ಬೇಟೆಯಿಂದ 1900ರ ಸುಮಾರಿಗೆ ಇಡೀ ಉತ್ತರ ಅಮೆರಿಕದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಎಲ್ಕ್‌ಗಳು ಉಳಿದಿದ್ದುವು. 1912ರಲ್ಲಿ ವಯೋಮಿಂಗ್ ಸಂಸ್ಥಾನದ ಜ್ಯಾಕ್ಸನ್ ಕಣಿವೆಯಲ್ಲಿ ಅವುಗಳಿಗೆಂದೇ ಒಂದು ಆಶ್ರಯಧಾಮವು ಸ್ಥಾಪಿತವಾಯಿತು. 1937ರ ಶಾಸನವೊಂದು ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯ ಹಣವನ್ನು ವನ್ಯಪ್ರಾಣಿಗಳ ಪಾಲನೆಗೆ ಮೀಸಲಿರಿಸಿತು. ಇಂದು ಅವುಗಳ ಸಂಖ್ಯೆ ಹತ್ತು ಲಕ್ಷದ ಸಮೀಪದಲ್ಲಿದೆ. ಬೇಟೆಗಾರನ ಹಣದಿಂದಲೇ ಬೇಟೆಯ ಮೃಗವು ಬೆಳೆಯಿತೆಂಬುದು ನಮಗೆ ವಿಚಿತ್ರವಾಗಿ ತೋರಿದರೂ ನಿಜ.

ಆದುದರಿಂದ ಮೊದಲನೆಯ ಸಿದ್ಧತೆಯು ಕಾಗದದ ಮೇಲಿನದು. ಮೊಂಟಾನಾದಲ್ಲಿ ಬಂದೂಕಿನ ಸಾಮಾನ್ಯ ಬೇಟೆಗಾಲವು ಐದು ವಾರಗಳದು; ಅಕ್ಟೋಬರ್ ತಿಂಗಳ ಕೊನೆಗೆ ಆರಂಭವಾಗಿ ನವೆಂಬರ್ ಕೊನೆಯ ಹೊತ್ತಿಗೆ ಮುಗಿಯುವುದು. ಪರವಾನಗಿ ಬೇಕು. 1985ರ ಜನವರಿ 1ರ ನಂತರ ಹುಟ್ಟಿದವರು ಬೇಟೆಯ ಶಿಕ್ಷಣವನ್ನು ಪಡೆದು ತೇರ್ಗಡೆಯಾಗಿರಬೇಕು. ಸೊಂಟದ ಮೇಲೆ ಕಡಿಮೆಪಕ್ಷ 400 ಚದರ ಅಂಗುಲದಷ್ಟು ಉಜ್ವಲವಾದ ಕಿತ್ತಳೆ ಬಣ್ಣದ ಬಟ್ಟೆಯನ್ನು ಧರಿಸಬೇಕು. ಈ ಬಣ್ಣವು ಇತರ ಬೇಟೆಗಾರರ ಕಣ್ಣಿಗೆ ಬೆಂಕಿಯಂತೆ ಕಾಣುವುದು. ಜಿಂಕೆಯ ಜಾತಿಯ ಮೃಗಗಳ ಕಣ್ಣಿಗಾದರೋ ಅದು ಮಂಕಾದ ಬಣ್ಣವೇ.

ಎರಡನೆಯದು ಮೃಗದ ನಡತೆಯನ್ನರಿಯುವುದು. ಸೆಪ್ಟೆಂಬರ್ ತಿಂಗಳ ಬೆದೆಗಾಲದಲ್ಲಿ ಗಂಡುಗಳು ಕೂಗಿ ತಮ್ಮ ಇರವನ್ನು ತಾವೇ ಸಾರುವುವು. ನವೆಂಬರಿನಲ್ಲಿ ಆ ಕೂಗಿಲ್ಲ. ಹಿಮವು ಮೊಳಕಾಲುದ್ದವಾದಂತೆ ಹಿಂಡುಗಳು ಎತ್ತರದ ಕಾಡುಗಳನ್ನು ಬಿಟ್ಟು ಕೆಳಗಿನ ಹುಲ್ಲುಗಾವಲುಗಳಿಗೆ ಇಳಿಯುವುವು. ಉತ್ತರ ಗೋಲಾರ್ಧದಲ್ಲಿ ಚಳಿಗಾಲದ ಸೂರ್ಯನು ದಕ್ಷಿಣದ ಕಡೆಗಿರುವನಷ್ಟೆ; ಆದುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹಿಮವು ಬೇಗ ಕರಗಿ ಹುಲ್ಲು ಕಾಣಿಸುವುದು. ಎಲ್ಕ್‌ಗಳನ್ನು ಅಲ್ಲಿಯೇ ಹುಡುಕಬೇಕು. ಇನ್ನು ಗಾಳಿ: ಮುಂಜಾನೆಯ ತಂಪುಗಾಳಿಯು ಭಾರವಾದುದರಿಂದ ಕಣಿವೆಯತ್ತ ಇಳಿಯುವುದು, ಬಿಸಿಲೇರಿದ ಮೇಲೆ ಬೆಟ್ಟವನ್ನೇರುವುದು. ಇದನ್ನು ಮರೆತವನ ವಾಸನೆಯು ಅವನಿಗಿಂತ ಮೊದಲೇ ಹಿಂಡನ್ನು ಸೇರುವುದು.

ಮೂರನೆಯದೇ ಮುಖ್ಯವಾದುದು, ಚಳಿ. ಉಷ್ಣಮಾನವು ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗಿದ್ದು ಗಂಟೆಗೆ 24 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 28 ಡಿಗ್ರಿ ಕೆಳಗಿದ್ದಂತೆಯೇ ಸರಿ. ಮನುಷ್ಯನ ಒಳಮೈಯ ಶಾಖವು 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಅಪಾಯವು ಆರಂಭವಾಯಿತೆಂದೇ ತಿಳಿಯಬೇಕು. ಮೊದಲು ನಡುಕ, ಆಮೇಲೆ ತೊದಲು ಮಾತು, ಮಂದಬುದ್ಧಿ. ನಡುಕವು ನಿಂತರೆ ಗುಣವಾಯಿತೆಂದು ಭ್ರಮಿಸಬಾರದು. ಮೈಯ ಶಕ್ತಿಯು ಮುಗಿಯುತ್ತಿದೆಯೆಂಬುದಕ್ಕೆ ಅದೇ ಗುರುತು.

ಹಲವು ವರ್ಷಗಳ ಹಿಂದೆ ನಾವು ಮಕ್ಕಳನ್ನು ಡಿಸೆಂಬರ್ ತಿಂಗಳಲ್ಲಿ ನೀಲಗಿರಿಗೆ ಪ್ರವಾಸ ಕರೆದೊಯ್ದಿದ್ದೆವು. ದಾರಿಯಲ್ಲಿ ಮಳೆಗೆ ಸಿಕ್ಕಿ ಎಲ್ಲರ ಹತ್ತಿಯ ಅಂಗಿಗಳೂ ತೊಯ್ದುವು. ಗಾಳಿ ಬೀಸತೊಡಗಿದೊಡನೆ ಏಳನೆಯ ತರಗತಿಯ ಹುಡುಗನೊಬ್ಬನು ಗಡಗಡನೆ ನಡುಗಿದನು. ಹೆಸರು ಕೇಳಿದರೂ ನೆಟ್ಟಗೆ ಹೇಳಲಾರನು. ಚಹದಂಗಡಿಯ ಮುದುಕಿಯೊಬ್ಬಳು ಬೈಯುತ್ತಲೇ ಬಂದು, ಅವನ ಒದ್ದೆ ಅಂಗಿಯನ್ನು ಕಳಚಿಸಿ, ತನ್ನ ಕರಿಯ ಕಂಬಳಿಯನ್ನು ಹೊದಿಸಿ, ಒಲೆಯ ಬಳಿ ಕುಳ್ಳಿರಿಸಿದಳು. ತಪ್ಪು ನಮ್ಮದೇ, ಉಣ್ಣೆಯ ಬಟ್ಟೆ ತರಬೇಕೆಂದು ಮಕ್ಕಳಿಗೆ ಹೇಳಿರಲಿಲ್ಲ. ಹತ್ತಿಯು ನೀರನ್ನು ಹೀರಿ ಮೈಗಂಟಿಕೊಂಡು ಶಾಖವನ್ನು ಕದಿಯುವುದು. ಉಣ್ಣೆಯಾದರೋ ತೊಯ್ದರೂ ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಡುವುದು. ನಮ್ಮ ಕುರುಬರು ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಳ್ಳುವುದರ ಗುಟ್ಟು ಇದೇ.

ಎಲ್ಕ್ ಬೇಟೆಗಾರನೂ ಹತ್ತಿಯನ್ನು ತೊಡುವುದಿಲ್ಲ. ಮೈಗೆ ತಗುಲಿ ತೆಳುವಾದ ಉಣ್ಣೆ, ಅದರ ಮೇಲೆ ದಪ್ಪ ಉಣ್ಣೆ, ಹೊರಗೆ ಗಾಳಿ ನುಗ್ಗದ ಕವಚ. ಬೆಟ್ಟವನ್ನೇರುವಾಗ ಅವನು ಮೇಲಂಗಿಯನ್ನು ಕಳಚಿ, ತುಸು ಚಳಿಯೆನಿಸುವಂತೆಯೇ ನಡೆಯುವನು. ಅದೇಕೆಂದರೆ, ಏರುವಾಗ ಬಂದ ಬೆವರು ಕುಳಿತಾಗ ಹಿಮಕ್ಕಿಂತ ಕ್ರೂರವಾಗುವುದು.

ಬಾಯಾರಿದಾಗ ಕೈಗೆಟಕುವ ಹಿಮವನ್ನೇ ತಿನ್ನಬಾರದೇ ಎಂದು ವಿದ್ಯಾರ್ಥಿಯು ಕೇಳುವನು. ಗುಪ್ತೋಷ್ಣದ ಪಾಠವನ್ನು ನೆನೆಯಿರಿ. ಒಂದು ಗ್ರಾಂ ಹಿಮವು ಕರಗಲು 80 ಕ್ಯಾಲರಿ, ಆ ನೀರು ಮೈಯಷ್ಟು ಬೆಚ್ಚಗಾಗಲು ಇನ್ನೂ 37 ಕ್ಯಾಲರಿ ಶಾಖವು ಬೇಕು. ಇದನ್ನು ಕೊಡಬೇಕಾದುದು ಚಳಿಯಲ್ಲಿ ಬಳಲಿದ ದೇಹವೇ. ಹಿಮವನ್ನು ಒಲೆಯ ಮೇಲೆ ಕರಗಿಸಿ ಕುಡಿಯಬೇಕು. ಆ ಒಲೆಯ ಇಂಧನವು ಬ್ಯೂಟೇನ್ ಅನಿಲವಾದರೆ ಕೆಲಸ ಕೆಟ್ಟಿತು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅದು ಅನಿಲವಾಗದೆ ದ್ರವವಾಗಿಯೇ ಉಳಿಯುವುದು. ನೀರಿನ ಸೀಸೆಯನ್ನು ತಲೆಕೆಳಗಾಗಿ ಇಡುವರು. ಮಂಜುಗಡ್ಡೆಯು ಮೇಲ್ಗಡೆಯಿಂದ ಕಟ್ಟುವುದರಿಂದ ಬಾಯಿಯು ತೆರೆದೇ ಇರುವುದು. ಬಂದೂಕನ್ನು ರಾತ್ರಿ ಬೆಚ್ಚಗಿನ ಡೇರೆಯೊಳಗೆ ತರುವುದಿಲ್ಲ. ತಂದರೆ ತಣ್ಣಗಿನ ಕಬ್ಬಿಣದ ಮೇಲೆ ತೇವವು ಬೆವರಿನಂತೆ ಕೂಡಿ, ಮರುದಿನ ಹೊರಗೆ ಹೆಪ್ಪುಗಟ್ಟಿ, ಕುದುರೆಯನ್ನು ಎಳೆದರೂ ಗುಂಡು ಹಾರದೆ ಹೋಗಬಹುದು.

ಹೊರಡುವ ಮುನ್ನ ಯಾವ ಕಣಿವೆಗೆ ಹೋಗುವೆನು, ಎಂದು ಮರಳುವೆನು ಎಂಬುದನ್ನು ಬರೆದು ಮನೆಯವರ ಕೈಯಲ್ಲಿ ಕೊಡುವುದು ವಾಡಿಕೆ. ನಕ್ಷೆ, ದಿಕ್ಸೂಚಿ, ಎರಡು ಬಗೆಯ ಬೆಂಕಿಯ ಸಾಧನ, ದೀಪ ಇವು ಚೀಲದಲ್ಲಿರಲೇಬೇಕು. ನವೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಸುಮಾರು 9 ಗಂಟೆ ಮಾತ್ರ. ಸೂರ್ಯಾಸ್ತವಾದ ಅರ್ಧ ಗಂಟೆಯ ಮೇಲೆ ಗುಂಡು ಹಾರಿಸುವುದು ಅಪರಾಧ. ಸಂಜೆಯ ಕೊನೆಯ ಬೆಳಕಿನಲ್ಲಿ ದೂರದ ಕಣಿವೆಯಾಚೆ ಮೃಗವು ಕಂಡರೂ, ಅದನ್ನು ಹೊತ್ತು ತರಲು ತನ್ನಲ್ಲಿ ಶಕ್ತಿಯುಂಟೇ ಎಂದು ಯೋಚಿಸಿ ಬಂದೂಕನ್ನು ಇಳಿಸುವವನನ್ನೇ ನಾವು ಒಳ್ಳೆಯ ಬೇಟೆಗಾರನೆನ್ನುವೆವು.

ಮೃಗವು ಬಿದ್ದ ಮೇಲೆಯೇ ನಿಜವಾದ ದುಡಿಮೆ. ಸುತ್ತಲೂ ಹಿಮವಿದ್ದರೂ ಮಾಂಸವು ಕೆಡಬಹುದೆಂದರೆ ನಂಬುವಿರಾ? ಎಲ್ಕ್‌ನ ಚಳಿಗಾಲದ ತೊಗಲು ಅಷ್ಟು ದಪ್ಪ. ಅದನ್ನು ಸುಲಿಯದೆ ಬಿಟ್ಟರೆ ಒಳಗಿನ ಶಾಖವು ಹೊರಹೋಗಲಾರದೆ ಎಲುಬಿನ ಬಳಿಯ ಮಾಂಸವು ಹಳಸುವುದು. ತಿನ್ನತಕ್ಕ ಮಾಂಸವನ್ನು ವ್ಯರ್ಥಮಾಡುವುದಕ್ಕೆ ಕಾನೂನಿನಲ್ಲಿ ದಂಡನೆಯೂ ಉಂಟು. ಪರವಾನಗಿಯ ಚೀಟಿಗೆ ವಿಧಿವತ್ತಾಗಿ ಗುರುತು ಹಾಕಿ, ಸುಲಿದು, ತುಂಡರಿಸಿ, ಬಟ್ಟೆಯ ಚೀಲಗಳಲ್ಲಿ ತುಂಬಿ ಬೆನ್ನ ಮೇಲೆ ಹೊರಬೇಕು. ದೊಡ್ಡ ಗಂಡಿನಿಂದ ಎಲುಬು ತೆಗೆದ ಮಾಂಸವೇ ಸುಮಾರು 100 ಕಿಲೋಗ್ರಾಂ ದೊರೆಯುವುದು. ಒಬ್ಬನೇ ಇದ್ದರೆ ನಾಲ್ಕು ಹೊರೆ. ಮೊಳಕಾಲುದ್ದದ ಹಿಮದಲ್ಲಿ ನಾಲ್ಕು ಬಾರಿ ಇಳಿದು, ಮೂರು ಬಾರಿ ಮತ್ತೆ ಹತ್ತಬೇಕು. ಮನೆಯವರು ಆ ಚೀಟಿಯನ್ನು ಹಿಡಿದು ದಿನ ಎಣಿಸುತ್ತಿರುವರು.