ಮುಳ್ಳು ನಂಬುವ ಮುಂಚೆ ಅರ್ತಿಂಗ್ ನೋಡಿ

ಮೇ ರಜೆ ಬಂತೆಂದರೆ ಅಹಮದಾಬಾದಿನ ನವರಂಗಪುರದ ಕನ್ನಡದ ಮನೆಗಳಲ್ಲಿ ಊರಿಗೆ ಹೊರಡುವ ಸಡಗರ. ಹೆದ್ದಾರಿ 48 ಹಿಡಿದರೆ ವಡೋದರ, ಸೂರತ್, ಪುಣೆ ದಾಟಿ ಬೆಳಗಾವಿ, ಹುಬ್ಬಳ್ಳಿ. ಹಳೇ ಜಿಪ್ಸಿ, ಅಂಬಾಸಿಡರ್ ಇಟ್ಟುಕೊಂಡ ನೀವು ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಓಡಿ ಆಯಿಲ್ ಪ್ರೆಶರ್ ಗೇಜ್ ಹಾಕಿಸಿಕೊಂಡು ಬರುತ್ತೀರಿ. ಹಾಕಿಸುವುದು ಒಳ್ಳೆಯದೇ. ಕಂಪನಿಯ ಕೆಂಪು ದೀಪ ಹತ್ತುವುದು ಪ್ರೆಶರ್ ಬಹುತೇಕ ಬಿದ್ದುಹೋದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು? ಆದರೆ ಗಡಿಬಿಡಿ ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ. ವಾರ ಮೊದಲೇ ಹಾಕಿಸಿ, ಊರೊಳಗೆ ಓಡಿಸಿ ನೋಡಿ.

ಗೇಜ್ ಒಂದು ಕಡೆ, ಎಂಜಿನ್ನಿನಲ್ಲಿ ಕೂತು ಪ್ರೆಶರನ್ನು ಗೇಜಿಗೆ ತಿಳಿಸುವ ಸೆಂಡರ್ ಇನ್ನೊಂದು ಕಡೆ ಕೊಳ್ಳಬೇಡಿ. ವಿಡಿಓ ಮಾದರಿಯ ಸೆಂಡರ್ ಪ್ರೆಶರ್ ಇಲ್ಲದಾಗ ಸುಮಾರು 10 ಓಮ್, ತುಂಬಿದಾಗ ಸುಮಾರು 180 ಓಮ್ ತೋರಿಸುತ್ತದೆ. ಅಮೆರಿಕದ ಮಾದರಿ ಇದಕ್ಕೆ ತದ್ವಿರುದ್ಧ, 240ರಿಂದ 33ಕ್ಕೆ ಇಳಿಯುತ್ತದೆ. ಬೆರೆಸಿದಿರೋ, ಮುಳ್ಳು ಉಲ್ಟಾ ತಿರುಗುತ್ತದೆ. ಸೆಂಡರಿನ ಮರೆಯನ್ನೂ (ಥ್ರೆಡ್) ನೋಡಿಕೊಳ್ಳಿ. 1/8 ಬಿಎಸ್‌ಪಿ ಮರೆಗೆ ಇಂಚಿಗೆ 28 ಸುತ್ತು, 1/8 ಎನ್‌ಪಿಟಿ ಮರೆಗೆ 27. ಎರಡು ಸುತ್ತು ಹೋಗಿ ಬಿಗಿಯಾದರೆ ಪಾನಾ ಹಾಕಿ ಬಲಪ್ರಯೋಗ ಮಾಡಬೇಡಿ. ಹಾಳಾಗುವುದು ಎಂಜಿನ್ ಬ್ಲಾಕಿನ ಮರೆ.

ಈಗ ಮುಖ್ಯ ಮಾತು. ಒಂದೇ ವಯರಿನ ಸೆಂಡರಿಗೆ ಅರ್ತಿಂಗ್ ಸಿಗುವುದು ಅದರ ಮೈಯಿಂದ, ಮರೆಯ ಮೂಲಕ ಬ್ಲಾಕಿಗೆ. ಅಲ್ಲಿ ಟೆಫ್ಲಾನ್ ಟೇಪನ್ನು ಸುತ್ತಿದ್ದೇ ಸುತ್ತಿದ್ದು! ಅತಿಯಾದರೆ ಅಮೃತವೂ ವಿಷ; ಆ ಟೇಪೇ ಅರ್ತಿಂಗಿಗೆ ಅಡ್ಡ ಬರಬಹುದು. ಟೇಪ್ ಬಿಟ್ಟು, ಮರೆಗೆ ತೆಳುವಾಗಿ ಸೀಲಂಟ್ ಹಚ್ಚಿದರೆ ಸಾಕು. ಭಾರದ ಸೆಂಡರನ್ನು ಹಿತ್ತಾಳೆಯ ಟೀ (T ಆಕಾರದ ಜೋಡಣೆ) ಮೇಲೆ ನೇರ ಕೂರಿಸಿದರೆ ಎಂಜಿನ್ ಅದುರಾಟಕ್ಕೆ ಟೀ ಮುರಿದು ಆಯಿಲೆಲ್ಲ ರಸ್ತೆಪಾಲು. ಹೋಸ್ ಹಾಕಿ ಸೆಂಡರನ್ನು ಪಕ್ಕಕ್ಕೆ ಬಿಗಿಯಿರಿ. ಆಗ ರಬ್ಬರ್ ಹೋಸ್ ಅರ್ತಿಂಗನ್ನು ತಡೆಯುತ್ತದೆ. ಆದ್ದರಿಂದ ಸೆಂಡರ್ ಮೈಯಿಂದ ಎಂಜಿನ್ ಬ್ಲಾಕಿನ ಬೋಲ್ಟಿಗೆ ಬೇರೆ ವಯರ್ ಎಳೆಯಲೇಬೇಕು. ಮೆಕ್ಯಾನಿಕ್ "ಚಾಲ್ಶೆ" (ನಡೆಯುತ್ತೆ) ಎಂದರೂ ನೀವು ಒಪ್ಪಬೇಡಿ. ವಿಡಿಓ ಮಾದರಿಯಲ್ಲಿ ಅರ್ತಿಂಗ್ ಸಡಿಲವಾದರೆ ಓಮ್ ಹೆಚ್ಚಾಗಿ ಮುಳ್ಳು ಮೇಲೇರುತ್ತದೆ. ಪ್ರೆಶರ್ ಇಳಿದಿದ್ದರೂ ಗೇಜ್ ಚೆನ್ನಾಗಿದೆ ಎನ್ನುತ್ತದೆ. ಸುಳ್ಳು ಹೇಳುವ ಗೇಜಿಗಿಂತ ಇಲ್ಲದ ಗೇಜೇ ವಾಸಿ.

ಗೇಜಿನ ಕಪ್ಪು ವಯರನ್ನು ಕಂಡಕಂಡ ಸ್ಕ್ರೂಗೆ ಸಿಕ್ಕಿಸಬೇಡಿ. ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ವಯರಿನ ತುದಿಗೆ ಥಿಂಬಲ್ ಒತ್ತಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ಗ್ರೀಸ್ ಸವರಿ. ಕೈ ಕೆಸರಾದರೆ ಬಾಯಿ ಮೊಸರು. ಎಂಜಿನ್ನಿಗೂ ಬಾಡಿಗೂ ನಡುವಿನ ದಪ್ಪ ಅರ್ತ್ ಪಟ್ಟಿಯನ್ನು ಮುಟ್ಟಿ ನೋಡಿ. ಮಳೆಗಾಲದಲ್ಲಿ ಮಿಠಾಖಳಿ ಅಂಡರ್‌ಪಾಸಿನ ನೀರಿನಲ್ಲಿ ಗಾಡಿ ಇಳಿಸಿದ್ದರಂತೂ ತುಕ್ಕು ಹಿಡಿದಿರುತ್ತದೆ.

ಕೆಂಪು ವಯರ್ ಬ್ಯಾಟರಿಗೆ ನೇರ ಬೇಡ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿನಿಂದ, ಸಣ್ಣ ಫ್ಯೂಸಿನ ಮೂಲಕ ತೆಗೆದುಕೊಳ್ಳಿ. ವಯರ್ ತಗಡು ದಾಟುವಲ್ಲಿ ರಬ್ಬರ್ ಗ್ರಾಮೆಟ್ ಇರಲಿ, ಬಿಸಿ ಎಕ್ಸಾಸ್ಟಿನಿಂದ ದೂರವಿರಲಿ. ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಹಳೆಯ ಕೆಂಪು ದೀಪವನ್ನು ಕಿತ್ತೆಸೆಯಬೇಡಿ. ಟೀ ಹಾಕಿಸಿದ್ದೇ ದೀಪ, ಗೇಜ್ ಎರಡೂ ಇರಲೆಂದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹತ್ತಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಸೆಂಡರ್ ಮೈಗೆ. 0.1 ವೋಲ್ಟಿನ ಒಳಗಿದ್ದರೆ ನೆಮ್ಮದಿ, 0.2 ದಾಟಿದರೆ ಮತ್ತೆ ಕೆರೆಯಿರಿ. ಇಂಡಿಕೇಟರ್ ಟಿಕ್ ಟಿಕ್ ಎಂದಾಗ ಮುಳ್ಳೂ ಅದರ ತಾಳಕ್ಕೆ ಕುಣಿದರೆ ಅರ್ತಿಂಗ್ ಕೆಟ್ಟಿದೆ ಎಂದೇ ತಿಳಿಯಿರಿ.

ಇನ್ನು ಸೆಖೆ. 2016ರ ಮೇ ತಿಂಗಳಲ್ಲಿ ಅಹಮದಾಬಾದ್ 48 ಡಿಗ್ರಿ ಕಂಡ ಊರು. ಬಿಸಿಗೆ ಆಯಿಲ್ ತೆಳುವಾಗುತ್ತದೆ. ಸ್ಟೇಡಿಯಂ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಬೆಳಗಿಗಿಂತ ಕೆಳಗಿಳಿದರೆ ಗಾಬರಿ ಬೇಡ. 1000 ಆರ್‌ಪಿಎಂಗೆ 10 ಪಿಎಸ್‌ಐ ಎನ್ನುವುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ಕೊನೆಯ ಮಾತು ನಿಮ್ಮ ಗಾಡಿಯ ಕೈಪಿಡಿಯದು. ಆದರೆ ಮುಳ್ಳು ಸೊನ್ನೆಗೆ ಬಿದ್ದು ದೀಪವೂ ಹತ್ತಿದರೆ "ಸೂರತ್ ತನಕ ಹೋಗಿಬಿಡೋಣ" ಎನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಡಿಪ್‌ಸ್ಟಿಕ್ ಎಳೆದು ನೋಡಿ.

ಇನ್ನೊಂದು ಕೆಲಸ ಬಾಕಿ ಇದೆ. ತಣ್ಣಗಿದ್ದಾಗ ಎಷ್ಟು, ಬಿಸಿಯಾಗಿ ನಿಂತಾಗ ಎಷ್ಟು, 60 ಕಿ.ಮೀ. ವೇಗದಲ್ಲಿ ಎಷ್ಟು ಎಂದು ಚೀಟಿಯಲ್ಲಿ ಬರೆದು ಗಾಡಿಯಲ್ಲೇ ಇಡಿ. ದಾರಿಯಲ್ಲಿ ಸ್ಟೇರಿಂಗ್ ಹಿಡಿಯುವ ಮನೆಯವರಿಗೂ ಅದನ್ನು ತೋರಿಸಿ ಹೊರಡಿ.